ಏಳಲಾರದ ನಮಸ್ಕಾರ

"ಅವಳು ನೂರಾ ಎಂಟು ಹಾಕ್ತಾಳಾ? ನಾನು ಇನ್ನೂರ ಹದಿನಾರು ಹಾಕ್ತೀನಿ! ನೋಡ್ತಾ ಇರಿ!"

ದೊಡ್ಡ ಸೊಸೆ ಬಟ್ಟೆ ಕತ್ತರಿಸುವ ಕತ್ತರಿಯನ್ನೇ ಖಡ್ಗದಂತೆ ಎತ್ತಿ ಹಿಡಿದು ಘೋಷಿಸಿದಳು. ಊದಲು ಒಂದು ಕಹಳೆಯಿಲ್ಲವೆಂಬುದೊಂದೇ ಕೊರತೆ.

"ಏನನ್ನ?" ಎಂದ ಗಂಡ, ಬಾಯಲ್ಲಿದ್ದ ಬ್ರಷ್ಷನ್ನು ತೆಗೆಯದೆ.

"ನಮಸ್ಕಾರಾನ!"

"ಯಾರಿಗೆ? ನಂಗಾ?"

"ಬುದ್ಧನಿಗೆ! ನಿಮಗೆ ದೂರದಿಂದಲೇ ಕೈಮುಗಿದು ಎಷ್ಟೋ ವರ್ಷವಾಯ್ತು!"

ಇದಕ್ಕೆಲ್ಲ ಕಾರಣ ಎರಡು ಇಂಚು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವಳ ಬಳಿಗೆ ಹಿಂದಿನ ಸಂಜೆ ಮಹಡಿ ಮೇಲಿನ ವಾರಗಿತ್ತಿ ಬಂದಿದ್ದಳು. "ಅಕ್ಕಾ, ಉಡುಪು ಸಡಿಲ ಆಗಿದೆ, ಸೊಂಟದ ಹತ್ರ ಚೂರು ಹಿಡಿದುಕೊಡ್ತೀರಾ?" ಅಳತೆ ಪಟ್ಟಿ ಸುಳ್ಳು ಹೇಳುವುದಿಲ್ಲ. ಮೂರು ತಿಂಗಳಲ್ಲಿ ಎರಡು ಇಂಚು ಮಾಯ! ಅದು ಇಳಿದದ್ದು ವಾರಗಿತ್ತಿಯ ಸೊಂಟದಲ್ಲಿ, ಏರಿದ್ದು ದೊಡ್ಡ ಸೊಸೆಯ ತಲೆಗೆ.

ಸೊಂಟವೊಂದೇ ಆಗಿದ್ದರೆ ಸಹಿಸಬಹುದಿತ್ತು. ಚಿಕ್ಕ ಸೊಸೆ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂರುವವಳು. ದಿನವಿಡೀ ಮುನ್ನೂರು ಜನರ ಬೈಗುಳ ತಿಂದು, ಸಂಜೆ ಅದನ್ನು ಮನೆಮಂದಿಗೆ ಸಮನಾಗಿ ಹಂಚುತ್ತಿದ್ದಳು. ತಲೆನೋವು, ಬೆನ್ನುನೋವು, ನಿದ್ದೆಯಿಲ್ಲ. ಆಸ್ಪತ್ರೆಯ ಎದುರಿನ ಧ್ಯಾನಮಂದಿರದ ಭಿಕ್ಷುಣಿಯೊಬ್ಬರು ಈ ನಮಸ್ಕಾರ ಕಲಿಸಿದ ಮೇಲೆ ಮಲಗಿದೊಡನೆ ನಿದ್ದೆ, ಮೆಟ್ಟಿಲು ಹತ್ತುವಾಗ ಹಾಡು! "ಮುಖಕ್ಕೆ ಎಂಥ ಕಳೆ ಬಂದಿದೆ!" ಎಂದು ಅತ್ತೆ ಮೂರು ಹೊತ್ತೂ ಹೇಳುತ್ತಿದ್ದರು. ದೊಡ್ಡವಳ ಮುಖದಲ್ಲೂ ಕಳೆಯಿತ್ತು, ಆದರೆ ಅದು ಕಿತ್ತೆಸೆಯಬೇಕಾದ ಜಾತಿಯದು.

"ಶುರುವಿಗೆ ಒಂಬತ್ತು ಸಾಕು ಅಕ್ಕ. ಮಂಡಿ ಕೆಳಗೆ ಕಂಬಳಿ ಮಡಿಚಿ ಹಾಕ್ಕೊಳ್ಳಿ. ನಿಧಾನ" ಎಂದಿದ್ದಳು ವಾರಗಿತ್ತಿ.

ಒಂಬತ್ತಂತೆ! ಕಂಬಳಿಯಂತೆ! ಕತ್ತರಿ ಕೆಳಗಿಟ್ಟವಳೇ ದೊಡ್ಡ ಸೊಸೆ ಬರಿಯ ನೆಲದ ಮೇಲೆ ಸಮರ ಸಾರಿದಳು. ಕೈಮುಗಿ, ಮಂಡಿಯೂರು, ಹಣೆ ನೆಲಕ್ಕೆ, ಅಂಗೈ ಮೇಲಕ್ಕೆ, ಮತ್ತೆ ಏಳು. ಇಪ್ಪತ್ತರವರೆಗೆ ಬುದ್ಧ ನೆನಪಿನಲ್ಲಿದ್ದ. ಮೂವತ್ತಕ್ಕೆ ವಾರಗಿತ್ತಿ ಮಾತ್ರ ಉಳಿದಳು. ನಲವತ್ತೊಂದನೆಯದಕ್ಕೆ ಹಣೆ ನೆಲ ಮುಟ್ಟಿತು, ಸೊಂಟದಲ್ಲಿ 'ಕಳಕ್' ಎಂದಿತು. ಅಷ್ಟೇ! ಬಗ್ಗಿದವಳು ಬಗ್ಗಿದಂತೆಯೇ ಉಳಿದಳು.

ಗಂಡ ಬಾಗಿಲಿಂದ ಇಣುಕಿದ. "ಏಳೇ, ಹೊತ್ತಾಯ್ತು!"

"ಏಳಲ್ಲವೋ, ನಲವತ್ತೊಂದು! ನಾನೇ ಎಣಿಸಿದ್ದೀನಿ" ಎಂದರು ಹಿಂದೆ ನಿಂತಿದ್ದ ಅತ್ತೆ. ಮಗನನ್ನು ಕೆಲಸಕ್ಕೆ ಅಟ್ಟಿ, ಪಕ್ಕದ ಮನೆಯಾಕೆಯನ್ನು ಕೂಗಿ ಕರೆದರು. "ಬನ್ನಿ, ನೋಡಿ! ಚಿಕ್ಕವಳು ಬಗ್ಗಿದ ಕೂಡ್ಲೇ ಎದ್ಬಿಡ್ತಾಳೆ. ಇವಳು ಎಷ್ಟು ಹೊತ್ತಿಂದ ಹಾಗೇ ಲೀನ ಆಗಿದ್ದಾಳೆ! ನಮ್ಮ ದೊಡ್ಡವಳು ಅಂದ್ರೆ ದೊಡ್ಡವಳೇ!"

'ಅಯ್ಯೋ' ಎನ್ನಲು ತೆರೆದ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಈ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಅತ್ತೆಯ ಬಾಯಿಂದ ಇಂಥ ಮಾತು ಇದೇ ಮೊದಲು. ಸೊಂಟ 'ಸತ್ತೆ' ಎನ್ನುತ್ತಿತ್ತು, ಕಿವಿ 'ಇನ್ನೊಂಚೂರು ತಾಳು' ಎನ್ನುತ್ತಿತ್ತು!

ಬಟ್ಟೆ ಒಯ್ಯಲು ಬಂದ ಗಿರಾಕಿಯೊಬ್ಬಳು "ನಂದು ಆಯ್ತಾ?" ಎಂದಾಗ ಅತ್ತೆ "ಶ್!" ಎಂದು ಬಾಯಿ ಮುಚ್ಚಿಸಿದರು. ನೋವಿಗೆ ಎರಡು ಹನಿ ಕಣ್ಣೀರು ನೆಲಕ್ಕೆ ಬಿತ್ತು.

"ಅಳ್ತಿದ್ದಾಳೆ! ಎಂಥ ಭಕ್ತಿ!" ಎಂದಳು ಪಕ್ಕದ ಮನೆಯಾಕೆ.

ಆಗ ಕೆಲಸಕ್ಕೆ ಹೊರಟ ಚಿಕ್ಕ ಸೊಸೆ ಮೆಟ್ಟಿಲಿಳಿದು ಬಂದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. "ಈ ಹಂತದಲ್ಲಿ ಯಾರೂ ಹತ್ರ ಇರಬಾರದು ಅತ್ತೆ. ಏಕಾಂತ ಬೇಕು" ಎಂದು ಗಂಭೀರವಾಗಿ ಹೇಳಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಆಮೇಲೆ ಪಕ್ಕದಲ್ಲೇ ಹಣೆ ನೆಲಕ್ಕಿಟ್ಟು ಪಿಸುಗುಟ್ಟಿದಳು.

"ಸೊಂಟಾನಾ ಅಕ್ಕ?"

"ಹ್ಞೂಂ ಕಣೇ!"

ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಮಂಡಿ ಬಿಡಿಸಿ, ಬಿಸಿನೀರಿನ ಚೀಲ ಇಟ್ಟು, ಬೆನ್ನು ನೀವಿದಳು. ಆ ಕೈಯ ಮೃದುತನಕ್ಕೆ ದೊಡ್ಡವಳ ಎದೆಯೂ ಸಡಿಲವಾಯಿತು.

"ನನ್ನ ಮಾನ ಯಾಕೆ ಉಳಿಸಿದೆ? ನಿನ್ನ ಮೇಲಿನ ಹೊಟ್ಟೆಕಿಚ್ಚಿಗೇ ಇಷ್ಟೆಲ್ಲ ಮಾಡಿದ್ದು ನಾನು."

"ನಂಗೂ ನಿಮ್ಮನ್ನ ಕಂಡ್ರೆ ಉರೀತಿತ್ತು ಅಕ್ಕ. ಮನೇಲೇ ಕೂತು ಹಾಡು ಕೇಳ್ತಾ ಹೊಲೀತೀರಿ, ಬೈಯೋರೂ ಇಲ್ಲ. ಯಾರನ್ನ ಕಂಡ್ರೆ ಹೊಟ್ಟೆ ಉರಿಯುತ್ತೋ ಅವರನ್ನೇ ನೆನೆದು ತಲೆ ಬಾಗು ಅಂದ್ರು ಭಿಕ್ಷುಣಿಯಮ್ಮ."

ದೊಡ್ಡವಳು ಕತ್ತು ಹೊರಳಿಸಿದಳು. "ಹಾಗಾದ್ರೆ ನೂರಾ ಎಂಟರಲ್ಲಿ ನನ್ನ ಪಾಲೆಷ್ಟು?"

"ಮೊದಲ ತಿಂಗಳು ಎಲ್ಲವೂ ನಿಮಗೇ! ಆಮೇಲೆ ಇಳೀತಾ ಇಳೀತಾ ನಿನ್ನೆಗೆ ಒಂದೇ ಒಂದು ಉಳಿದಿತ್ತು. ಅದನ್ನೂ ಇವತ್ತಿಗೆ ಮುಗಿಸೋಣ ಅಂತಿದ್ದೆ" ಎಂದು ಚಿಕ್ಕವಳು ನಿಟ್ಟುಸಿರು ಬಿಟ್ಟಳು. "ಕೆಳಗೆ ಬಂದು ನೋಡಿದ್ರೆ ಅತ್ತೆ ನಿಮ್ಮನ್ನ ಹಾಗೆ ಹೊಗಳ್ತಿದ್ದಾರೆ! ಇನ್ನೇನು, ನಾಳೆಯಿಂದ ಮತ್ತೆ ನೂರಾ ಎಂಟೂ ನಿಮಗೇ!"