ಮೂರಕ್ಕೆ ನಿಂತ ಪೆಟ್ಟಿಗೆ

ನಮ್ಮ ಕಡೆ ಸಪ್ಪಳಕ್ಕೆ ಬಡತನವಿಲ್ಲ. ಮಗುವಿನ ಜವಳ ತೆಗೆಸಿದರೂ ಸೌಂಡ್ ಬಾಕ್ಸ್, ಹೊಸ ಟ್ರ್ಯಾಕ್ಟರ್ ಬಂದರೂ ಸೌಂಡ್ ಬಾಕ್ಸ್. ಬಂದವರ ಎದೆ ನಡುಗದಿದ್ದರೆ ಕಾರ್ಯ ಆದಂತೆಯೇ ಅಲ್ಲ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಸಣ್ಣ ಸಪ್ಪಳದ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು, ತಲೆಗೂದಲು ಉದುರತೊಡಗಿದ ಮೇಲೆ ಗಿಟಾರ್ ಕಲಿಯಲು ಹೊರಟವನು. ಅದೂ ಎಲೆಕ್ಟ್ರಿಕ್ ಗಿಟಾರ್. ಅದನ್ನು ಹಾಗೆಯೇ ಬಾರಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಕೇಳಿಸುತ್ತದೆ. ದನಿ ಬೇಕಾದರೆ ಆಂಪ್ಲಿಫಯರ್ ಬೇಕು.

ಅದು ಸಿಕ್ಕಿದ್ದು ಘಟಪ್ರಭಾ ಸ್ಟೇಷನ್ನಿನ ಹತ್ತಿರದ ರೇಡಿಯೊ ರಿಪೇರಿ ಅಂಗಡಿಯಲ್ಲಿ. ಹಿಟ್ಟಿನ ಡಬ್ಬಿಯಷ್ಟು ಗಾತ್ರ, ಮೇಲೊಂದು ಹಿಡಿಕೆ, ಮೂಲೆಯಲ್ಲಿ ಹರಿದ ಕರಿ ರೆಕ್ಸಿನ್. ಎಷ್ಟು ವರ್ಷದ್ದೋ ಏನೋ. “ಇದರಾಗ ವಾಲ್ವ್ ಇಲ್ರಿ, ಬರೇ ಟ್ರಾನ್ಸಿಸ್ಟರ್. ಬಿದ್ರೂ ಸಾಯಂಗಿಲ್ಲ” ಎಂದ ಅಂಗಡಿಯವ. ಮನೆಗೆ ತಂದು ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು, ಒಮ್ಮೆ ಕೆಮ್ಮಿತು, ಮಾತಾಡಿತು. ವಾಲ್ವಿನದರಂತೆ ಬಿಸಿಯಾಗಲೆಂದು ಕಾಯಬೇಕಿಲ್ಲ, ಮೊಬೈಲಿಗೆ ಜೋಡಿಸುವ ಗೊಡವೆಯಿಲ್ಲ. ಮುಖ್ಯ ಸಂಗತಿಯೆಂದರೆ ಅದರ ದನಿ ಒಂದು ಕೋಣೆಗೆ ಮಾತ್ರ ಸಾಲುತ್ತದೆ. ನನ್ನ ತಪ್ಪುಗಳು ಹೊಸಿಲು ದಾಟಿ ಓಣಿಗೆ ಹೋಗುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಯಾವ ಯಂತ್ರವೂ ಮಾಡಿಲ್ಲ.

ನನ್ನ ಹೆಂಡತಿ ಸುವರ್ಣಾ ಅದಕ್ಕೆ ‘ಪೆಟ್ಟಿಗಿ’ ಎಂದು ಹೆಸರಿಟ್ಟಳು. ಒಲ್ಲದ ಮಗುವನ್ನು ಸಾಕಿದ ಹಾಗೆ ಸಾಕಿದಳು, ಆದರೆ ಪೂಜೆಯಲ್ಲಿ ಮಾತ್ರ ಭೇದ ಮಾಡಲಿಲ್ಲ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ನಮ್ಮ ಮನೆಯಲ್ಲಿ ಬೈಕು, ಮಿಕ್ಸರ್, ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ ಎಲ್ಲವಕ್ಕೂ ಸಮಾನ ಗೌರವ. ಸಾಲಿನ ಕೊನೆಯಲ್ಲಿ ನನ್ನ ಪೆಟ್ಟಿಗೆಯನ್ನೂ ಕೂರಿಸಿ, ಒಂದೊಂದು ಗುಂಡಿಗೂ ಹಸಿ ವಿಭೂತಿ ಬಳಿದು, ಕುಂಕುಮ ಹಚ್ಚಿ, ಮುಂದೆ ಟೆಂಗಿನಕಾಯಿ ಒಡೆದು, ಭಕ್ತಿ ಹೆಚ್ಚಾಗಿ ಕಾಯಿನೀರನ್ನೂ ಧಾರಾಳವಾಗಿ ಚಿಮುಕಿಸಿದಳು. ವಿಭೂತಿಗೆ ಕಾಯಿನೀರು ಬೆರೆತು ಒಣಗಿದರೆ ಏನಾಗುತ್ತದೆ? ಸಿಮೆಂಟ್ ಆಗುತ್ತದೆ. ಮರುದಿನ ನೋಡಿದರೆ ವಾಲ್ಯೂಮ್ ಗುಂಡಿ ಮೂರರ ಮೇಲೆ ನಿಂತುಬಿಟ್ಟಿತ್ತು. ತಿರುವಿದೆ, ಒರೆಸಿದೆ, ಇಕ್ಕಳ ಹಚ್ಚಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಹಾರಾಡಿದೆ. ಅವಳು, “ದೇವ್ರು ಇಟ್ಟಂಗ ಇರ್ಲಿ ಬಿಡ್ರಿ” ಎಂದು ರೊಟ್ಟಿ ಬಡಿಯಲು ಹೋದಳು.

ಇನ್ನು ನಮ್ಮ ಅತ್ತೆಯ ಮಾತಿಗೆ ಬರುತ್ತೇನೆ. ಸುವರ್ಣಾಳ ತಾಯಿ, ಹುಕ್ಕೇರಿಯವರು. ಸೋಬಾನ ಪದಕ್ಕೆ ಅವರನ್ನು ಸುತ್ತಲಿನ ಹಳ್ಳಿಗಳವರು ಹೇಳಿ ಕಳಿಸಿ ಕರೆಸುತ್ತಿದ್ದರು. ಒಂದು ಚಳಿಗಾಲದ ಕೆಮ್ಮು ಅವರ ದನಿಯನ್ನು ತೆಳ್ಳಗೆ ಮಾಡಿಬಿಟ್ಟಿತು. ಹೋದ ವರ್ಷ ನನ್ನ ಷಡ್ಡಕ ಪ್ರಕಾಶ ತನ್ನ ಹೊಸ ಮನೆಯ ವಾಸ್ತುಶಾಂತಿಗೆ ಅವರನ್ನು ಹಾಡಲು ಕೂರಿಸಿದ. ಅವನದು ಮೂಡಲಗಿಯಲ್ಲಿ ಸೌಂಡ್ ಬಾಕ್ಸ್ ಬಾಡಿಗೆಗೆ ಕೊಡುವ ದಂಧೆ. ಅತ್ತೆಯ ಮೇಲಿನ ಪ್ರೀತಿಯಿಂದಲೇ ಇದ್ದಬದ್ದ ಬಾಕ್ಸುಗಳನ್ನೆಲ್ಲ ಹಚ್ಚಿದ. ಅವರು ಬಾಯಿ ತೆರೆದದ್ದೇ ತಡ, ‘ಕುಂಯ್’ ಎಂದು ಸಿಳ್ಳು ಹೊಡೆಯಿತು, ಒಂದೇ ಸಾಲು ನಾಲ್ಕು ಕಡೆಯಿಂದ ತಿರುಗಿ ಬಂತು, ಮಕ್ಕಳು ಬಿದ್ದುಬಿದ್ದು ನಕ್ಕವು. ಅತ್ತೆ ಮೈಕು ಕೆಳಗಿಟ್ಟರು. “ನನ್ನ ಧ್ವನಿ ಕೇಳಿ ನನಗ ಅಂಜಿಕಿ ಬಂತವ್ವ. ಇನ್ನ ಹಾಡಂಗಿಲ್ಲ” ಎಂದರು. ಆಮೇಲೆ ಯಾರು ಕರೆದರೂ ಹಾಡಲಿಲ್ಲ.

ಈಗ ಪ್ರಕಾಶನ ಹೆಂಡತಿ, ಅಂದರೆ ಅತ್ತೆಯ ಕಿರಿಮಗಳು ಶೋಭಾ, ಬಸುರಿ. ಮೂಡಲಗಿಯಲ್ಲಿ ಕುಬಸದ, ಎಂದರೆ ಸೀಮಂತದ, ಕಾರ್ಯ. ಚೊಚ್ಚಲು ಬೇರೆ. “ಅವ್ವ ಹಾಡ್ಲಿಲ್ಲಂದ್ರ ನಾ ಹಸಿಮಣಿ ಮ್ಯಾಲ ಕುಂಡ್ರಂಗಿಲ್ಲ” ಎಂದು ಅವಳು ಫೋನಿನಲ್ಲೇ ಅತ್ತಳು. ಅತ್ತೆಯೂ ಬಗ್ಗಲಿಲ್ಲ. ತೆಳ್ಳಗಿನ ದನಿ ಎರಡು ಸಾಲಿನಾಚೆ ಮುಟ್ಟುವುದಿಲ್ಲ, ಬಾಕ್ಸಿನ ಹತ್ತಿರ ಅವರು ಹೋಗುವುದಿಲ್ಲ. ಆಗ ಸುವರ್ಣಾ, “ನಿಮ್ಮ ಪೆಟ್ಟಿಗಿ ತಗೊಂಡ ನಡೀರಿ” ಎಂದಳು. ನಾನು ವೈರು ಸುತ್ತತೊಡಗಿದೆ. ಬುತ್ತಿಯ ಗಂಟುಗಳ ನಡುವೆ ನನ್ನ ಪೆಟ್ಟಿಗೆ ಮೂಡಲಗಿಗೆ ಪಯಣ ಹೊರಟಿತು.

ಕಾರ್ಯದ ಮನೆಯಲ್ಲಿ ಪ್ರಕಾಶನ ಬಾಕ್ಸುಗಳು ಗೋಡೆ ನಡುಗಿಸುತ್ತಿದ್ದವು. ಶೋಭಾ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಬಾಗಿಲಲ್ಲೇ ಮುಖ ಸಣ್ಣದು ಮಾಡಿ ನಿಂತಿದ್ದಳು. ನಾನು ಪೆಟ್ಟಿಗೆಯನ್ನು ಅತ್ತೆಯ ಪಕ್ಕದಲ್ಲಿಟ್ಟು, ದಪ್ಪ ಪಿನ್ನಿನ ಹಳೆಯ ಮೈಕೊಂದನ್ನು ಸಿಕ್ಕಿಸಿ ಕೊಟ್ಟೆ. ಪ್ರಕಾಶ ಕಣ್ಣಲ್ಲೇ ನಕ್ಕು, “ಅಣ್ಣಾರ, ಇನ್ನ ಸ್ವಲ್ಪ ಏರಸ್ರಿ, ಓಣಿಗೆಲ್ಲ ಕೇಳ್ಲಿ” ಎಂದು ತಾನೇ ಬಗ್ಗಿ ಗುಂಡಿಗೆ ಕೈ ಹಾಕಿದ. ತಿರುವಿದ, ಹಲ್ಲು ಕಚ್ಚಿ ತಿರುವಿದ. “ಏನ್ರಿ ಇದು, ತಿರಗಂಗೇ ಇಲ್ಲ?”

“ಅದಕ್ಕ ಪೂಜಿ ಆಗೇತಿ” ಎಂದೆ.

ಅವನಿಗೆ ಏನು ತಿಳಿಯಿತೋ, ಬಾಕ್ಸುಗಳ ಹತ್ತಿರ ಹೋಗಿ ತಾನೇ ಬಂದ್ ಮಾಡಿದ. “ಏ, ಮಿಕ್ಸರ್ ನಿಂದರಸ್ರಿ, ಅತ್ತೆಯಾರ ಹಾಡ್ತಾರ” ಎಂದು ಅಡುಗೆಮನೆಗೆ ಕೂಗಿದ. ಹಿಂದೆ ಕೂತಿದ್ದ ಹೆಂಗಸರು ಕೇಳಿಸಲಿಕ್ಕಿಲ್ಲವೆಂದು ಸರಿದು ಸರಿದು ಹತ್ತಿರ ಬಂದರು. ಅತ್ತೆ ಅಂಜುತ್ತ ಅಂಜುತ್ತ ಒಂದು ಸಾಲು ಅಂದರು, ನಿಲ್ಲಿಸಿದರು, ಪೆಟ್ಟಿಗೆಯ ಕಡೆ ಕಿವಿ ಕೊಟ್ಟರು. ಅದು ಸಿಳ್ಳು ಹೊಡೆಯಲಿಲ್ಲ, ಮಾತು ತಿರುಗಿಸಲಿಲ್ಲ. “ಸುವ್ವೀ, ಇದು ನನ್ನ ಧ್ವನಿನ ಐತೆವ್ವ” ಎಂದು ಸುವರ್ಣಾಳ ಮುಖ ನೋಡಿದರು. ಶೋಭಾ ಹಸೆಮಣೆಯ ಮೇಲೆ ಕೂತಳು. ಆಮೇಲೆ ಪದದ ಹಿಂದೆ ಪದ. ಪ್ರಕಾಶ ಕಂಬಕ್ಕೊರಗಿ ಕಣ್ಣೊರೆಸಿಕೊಂಡ. ಅಂಗಡಿಯವನಿಗೆ, ಟ್ರಾನ್ಸಿಸ್ಟರಿಗೆ, ಕಾಯಿನೀರಿಗೆ, ಬೈದರೂ ಕೇಳದ ಹೆಂಡತಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಹೊರಡುವಾಗ ಅತ್ತೆ, “ಮಾಸ್ತರ, ಈ ಪೆಟ್ಟಿಗಿ ಭಾಳ ಶಾಣ್ಯಾ ಐತ್ರಿ” ಎಂದರು. ನಾನು ಬಾಯಿ ಬಿಡುವ ಮೊದಲೇ ಸುವರ್ಣಾ, “ಅದು ಇನ್ನ ನಿಂದ ಬೇ ಅವ್ವಾ” ಎಂದಳು. ಪೆಟ್ಟಿಗೆ ಅತ್ತೆಯ ತೊಡೆಯ ಮೇಲೆ ಕೂತು ಹುಕ್ಕೇರಿ ಬಸ್ಸು ಹತ್ತಿತು. ಅವರೀಗ ಮತ್ತೆ ಕಾರ್ಯಗಳಿಗೆ ಹೋಗುತ್ತಾರೆ, ಮೊದಲು ಪೆಟ್ಟಿಗೆ, ಆಮೇಲೆ ಅವರು.

ನಾನು ಮಾತ್ರ ಸೊಳ್ಳೆಯ ಸಂಗೀತಕ್ಕೆ ಮರಳಿದ್ದೇನೆ. ಮೊನ್ನೆ ಸಂಜೆ ಬಾರಿಸುತ್ತಿದ್ದಾಗ ಸುವರ್ಣಾ ಮೆಂತೆ ಪಲ್ಯೆಯ ಎಲೆ ಬಿಡಿಸಲು ನನ್ನ ಬಾಜೂಕೇ ಬಂದು ಕೂತಳು. ಇಷ್ಟು ವರ್ಷದಲ್ಲಿ ಮೊದಲ ಸಲ. “ಈಗ ಭಾಳ ಚಲೋ ಬಾರಸ್ತೀರಿ ನೋಡ್ರಿ” ಎಂದಳು. ನಾನು ಉಬ್ಬಿ, “ಹೌದ? ಮೊದಲಿನಕಿಂತ?” ಎಂದೆ.

“ಹೂಂನ್ರಿ. ಏನೂ ಕೇಳಸಂಗಿಲ್ಲ.”

ಹಾಗೆಂದವಳು ಎದ್ದು ಹೋಗಲಿಲ್ಲ, ಇನ್ನಷ್ಟು ಸರಿದು ಕೂತಳು. ಮೆಂತೆ ಮುಗಿಯುವ ತನಕ ಬಾರಿಸಿದೆ.