ಬಾಣಂತಿ ಕೋಣೆಯ ಸೂರು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ತೊಟ್ಟು ನೀರು. ಪದ್ಮನಾಭನಗರದ ವೆಂಕಟಾಚಲ ಅವರ ಮನೆಯ ಹಿಂದಿನ ಕೋಣೆಯ ಹಳೇ ಸಿಮೆಂಟ್ ಶೀಟಿನಿಂದ ಇಳಿದ ಆ ತೊಟ್ಟು, ಹೊಸದಾಗಿ ಕಟ್ಟಿದ್ದ ತೊಟ್ಟಿಲ ನಟ್ಟನಡುವೆ ಬಿತ್ತು. ಪುಣ್ಯಕ್ಕೆ ತೊಟ್ಟಿಲಲ್ಲಿ ಮಗು ಇರಲಿಲ್ಲ. ಮಗು, ಅದರಮ್ಮ ಸುರಭಿ, ಸುರಭಿಯ ಅಮ್ಮ ಪಂಕಜಾ, ಮೂವರೂ ಇನ್ನೂ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಇವತ್ತೇ ಹೊರಡಿ ಅಂದಿದ್ದರು. ಆದರೆ ಇವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ಬಾಣಂತಿಯನ್ನು ಮನೆಗೆ ತರುವಷ್ಟು ಗುಂಡಿಗೆ ಆ ವಂಶದಲ್ಲಿ ಯಾರಿಗೂ ಇರಲಿಲ್ಲ.

“ನಾಳೆ ಬೆಳಿಗ್ಗೆ ಬರ್ತೀವಿ ರೀ. ಅಷ್ಟರಲ್ಲಿ ಆ ಕೋಣೆ ಸೋರೋದು ನಿಲ್ಬೇಕು. ಕೂಸಿನ ಮೇಲೆ ಒಂದು ಹನಿ ಬಿದ್ರೂ ತಾಯಿ ಮಗು ಇಬ್ರನ್ನೂ ಬೀಗರ ಮನೆಗೇ ಕಳಿಸಿಬಿಡ್ತೀನಿ, ನೋಡ್ತಿರಿ,” ಅಂತ ಪಂಕಜಾ ಫೋನಲ್ಲಿ ಗಂಡನಿಗೆ ಖಡಕ್ಕಾಗಿ ಹೇಳಿದ್ದರು.

ಆ ಮೊಮ್ಮಗಳು ಹುಟ್ಟಿದ ದಿನವೇ ವೆಂಕಟಾಚಲರ ಹೆಬ್ಬೆರಳನ್ನು ಹಿಡಿದುಕೊಂಡು ನಿದ್ದೆ ಹೋಗಿದ್ದಳು. ಅವಳು ತನ್ನ ಮನೆಯಲ್ಲಿ, ತನ್ನ ಸೂರಿನಡಿ ಮಲಗಬೇಕು. ಅದೊಂದು ಬಿಟ್ಟು ಅವರಿಗೆ ಬೇರೇನೂ ಬೇಕಿರಲಿಲ್ಲ.

ಅಂದು ಬೆಳಿಗ್ಗೆಯೇ ಮೇಸ್ತ್ರಿ ಕೊಟ್ರಪ್ಪ ತನ್ನ ಆಳು ಯಲ್ಲಪ್ಪನ ಜೊತೆ ಬಂದ. ವೆಂಕಟಾಚಲರೂ ತಮ್ಮ ನೇರಳೆ ಚೌಕಳಿ ಶರ್ಟಿನಲ್ಲಿ ಮಹಡಿ ಹತ್ತಿದರು. ಆ ಶರ್ಟು ಇಡೀ ಬೀದಿಗೆ ಗೊತ್ತು. ಹಾಲಿಗೆ, ತರಕಾರಿಗೆ, ವಾಕಿಂಗಿಗೆ, ಎಲ್ಲಕ್ಕೂ ಅದೇ. ಹಿಂದಿನ ಕೋಣೆಯ ಶೀಟನ್ನು ಬಗ್ಗಿ ನೋಡುವಾಗ ಪಾಚಿ ಮೇಲೆ ಕಾಲಿಟ್ಟು ಜಾರಿದರು. ಧಪ್ಪನೆ ಕೂತ ರಭಸಕ್ಕೆ ಒಂದು ಗಳಿಗೆ ಕಣ್ಣು ಕತ್ತಲಿಟ್ಟಿತು. ಮತ್ತೆ ಎದ್ದಾಗ ಮೈ ಯಾಕೋ ಹಗುರವಾಗಿತ್ತು, ನೋವೇ ಇರಲಿಲ್ಲ. ದೇವರು ದೊಡ್ಡವನು ಅಂದುಕೊಂಡರು.

“ವೆಂಕಟಾಚಲ ಅವರೇ, ಪರ್ಮಿಶನ್ ತಗೊಂಡಿದೀರಾ?”

ಪಕ್ಕದ ಮನೆಯ ವಿಜಯಕುಮಾರ್ ತಮ್ಮ ಮಹಡಿಯಿಂದ ಕೇಳಿದರು. ರಿಟೈರ್ಡ್ ಇಂಜಿನಿಯರು. ಕೆಲಸ ಬಿಟ್ಟ ಮೇಲೆ ಕಟ್ಟಡದ ಕಾನೂನುಗಳನ್ನೇ ಪಾರಾಯಣ ಮಾಡಿಕೊಂಡಿದ್ದವರು.

“ಶೀಟ್ ತೆಗೆದು ಶೀಟ್ ಹಾಕ್ತಿರೋದು ಸಾರ್. ಅದಕ್ಕೂ ಪರ್ಮಿಶನ್ನಾ?”

“ಶೀಟಿಗೆ ಶೀಟು ಅಂದ್ರೆ ರಿಪೇರಿ. ಸರಿ. ಆದ್ರೆ ಅದು ರಿಪೇರಿ ಅಂತ ಆಫೀಸಿನವರು ಹೇಳ್ಬೇಕು, ನೀವಲ್ಲ. ಗೋಡೆ ಒಂದಿಂಚು ಕದಲಿದ್ರೂ ಅದು ಹೊಸ ಕಟ್ಟಡ. ಪ್ಲ್ಯಾನು, ಲೈಸೆನ್ಸು, ಸುತ್ತ ಬಿಡಬೇಕಾದ ಜಾಗ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಬರಹದಲ್ಲಿ ತನ್ನಿ. ಇಲ್ದಿದ್ರೆ ನಾನೇ ಕಂಪ್ಲೇಂಟ್ ಕೊಡ್ತೀನಿ, ಬೇಜಾರ್ ಮಾಡ್ಕೋಬೇಡಿ.”

ಸುತ್ತ ಬಿಡಬೇಕಾದ ಜಾಗದ ಮಾತು ಬಂದಾಗ ವಿಜಯಕುಮಾರ್ ದನಿ ಸ್ವಲ್ಪ ತಗ್ಗಿತು. ಯಾಕೆಂದರೆ ಎರಡು ಮನೆಗಳ ನಡುವೆ ಇರಬೇಕಾದ ಜಾಗವನ್ನು ಇಬ್ಬರೂ ಆ ಕಡೆ ಈ ಕಡೆಯಿಂದ ನುಂಗಿ, ಒಂದು ಸಂದಿ ಉಳಿಸಿದ್ದರು. ಅದರಲ್ಲಿ ಓಡಾಡುತ್ತಿದ್ದದ್ದು ಬೆಕ್ಕು ಮಾತ್ರ.

ವೆಂಕಟಾಚಲ ಕೆಳಗಿಳಿದು, ಕೆಸರಾಗಿದ್ದ ಶರ್ಟನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡರು. “ಕೊಟ್ರಪ್ಪ, ಹಳೇದು ಬಿಚ್ಚಿ ಹೊಸ ಶೀಟ್ ತಂದಿಟ್ಕೊಂಡಿರಿ. ನಾನು ಕಾಗದ ತಂದ ತಕ್ಷಣ ಹಾಕ್ಬಿಡೋಣ.”

“ಅಮಾವಾಸ್ಯೆ ಸಾರ್ ಇವತ್ತು. ದೃಷ್ಟಿಗೆ ಅಂತ ಏನಾದ್ರೂ ಕಟ್ಟದೆ ಸೂರು ಬಿಚ್ಚಲ್ಲ ನಾವು.”

“ಏನ್ ಬೇಕೋ ಕಟ್ಕೊಳಪ್ಪ,” ಅಂದು ಅವರು ಬಸ್ಸು ಹಿಡಿಯಲು ಓಡಿದರು.

ವಾರ್ಡ್ ಆಫೀಸಿನಲ್ಲಿ ಯಾರೂ ಅವರತ್ತ ನೋಡಲಿಲ್ಲ. ಒಬ್ಬರ ಮೇಜಿನ ಮುಂದೆ ನಿಂತರು, ಅವರು ಎದ್ದು ಹೋದರು. ಇನ್ನೊಬ್ಬರಿಗೆ ನಮಸ್ಕಾರ ಅಂದರು, ಅವರು ಇವರ ಹಿಂದಿನ ಗೋಡೆ ನೋಡುತ್ತಾ ಆಕಳಿಸಿದರು. ಕಸ ಗುಡಿಸುವವಳು ಇವರ ಕಾಲ ಮೇಲೇ ಪೊರಕೆ ಆಡಿಸಿಕೊಂಡು ಹೋದಳು. ಸರ್ಕಾರಿ ಆಫೀಸು ತಾನೇ ಅಂತ ವೆಂಕಟಾಚಲ ತಲೆ ಕೆಡಿಸಿಕೊಳ್ಳಲಿಲ್ಲ.

ಮಧ್ಯಾಹ್ನದ ಮೇಲೆ, ಬೀದಿಯ ಹಾಲಿನ ಬೂತಿನ ಮುತ್ತುರಾಜ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದ. ಅಂತೂ ಗುರುತಿನ ಮುಖ ಸಿಕ್ಕಿತಲ್ಲ ಅಂತ ಇವರು ಖುಷಿಯಿಂದ ಭುಜ ತಟ್ಟಿದರು. ಮುತ್ತುರಾಜ ತಿರುಗಿ ನೋಡಿದ. ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು.

“ಸಾರ್... ನೀವು... ಇಲ್ಲಿಗೆ ಯಾಕೆ ಬಂದ್ರಿ?”

“ಪರ್ಮಿಶನ್‌ಗೆ ಕಣಯ್ಯ. ನಾಳೆಯೊಳಗೆ ಬೇಕು.”

“ಅಲ್ಲಿಗೆ ಹೋಗೋಕೂ ಪರ್ಮಿಶನ್ ಬೇಕಾ ಸಾರ್?” ಅಂತ ಮುತ್ತುರಾಜ ಪಿಸುಗುಟ್ಟಿದ. ಎರಡೂ ಕೈ ಜೋಡಿಸಿ, “ನಿಮ್ಮ ಹಾಲಿನ ಬಾಕಿ ಏನೂ ಬೇಡ, ನೆಮ್ಮದಿಯಾಗಿ ಹೋಗಿ,” ಅಂದವನೇ ಹಿಂದೆ ಹಿಂದೆ ಸರಿದು ಮೆಟ್ಟಿಲಿಳಿದು ಮಾಯವಾದ.

ವೆಂಕಟಾಚಲರಿಗೆ ಬೆಳಿಗ್ಗೆ ಬಿದ್ದದ್ದು ನೆನಪಾಯಿತು. ಕಣ್ಣು ಕತ್ತಲಿಟ್ಟಿತ್ತು. ಎದ್ದಾಗ ಮೈ ಹಗುರವಾಗಿತ್ತು. ನೋವಿರಲಿಲ್ಲ. ಆಮೇಲೆ ಯಾರೂ ತನ್ನನ್ನು ನೋಡಿಲ್ಲ. ಮೆಲ್ಲಗೆ ಬಗ್ಗಿ ಪಾದ ನೋಡಿಕೊಂಡರು. ಹಿಮ್ಮಡಿ ಹಿಂದೆಯೇ ಇತ್ತು. ನೆರಳು ನೋಡೋಣ ಅಂತ ಕಿಟಕಿ ಹತ್ತಿರ ಹೋದರೆ ಆಕಾಶ ತುಂಬ ಮೋಡ, ಯಾರಿಗೂ ನೆರಳಿರಲಿಲ್ಲ.

“ಏನ್ರೀ ಯಜಮಾನ್ರ, ಮುಂಜಾನಿಂದ ನಿಂತೀರಲ್ಲ, ಏನ್ ಕೆಲಸ?”

ಇಡೀ ದಿನದಲ್ಲಿ ಮೊದಲ ಬಾರಿ ಒಬ್ಬರು ಅವರನ್ನು ಮಾತಾಡಿಸಿದ್ದರು. ಇಂಜಿನಿಯರ್ ಭೀಮರಾಯ. ಉತ್ತರ ಕರ್ನಾಟಕದಿಂದ ಹೊಸದಾಗಿ ಬಂದು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದವರು. ವೆಂಕಟಾಚಲರಿಗೆ ಅವರ ಕೈ ಹಿಡಿದು ಅಳಬೇಕು ಅನಿಸಿತು.

“ಸಾರ್, ನಾನು ನಿಮಗೆ ಕಾಣಿಸ್ತಿದೀನಾ?”

“ಎದುರಿಗೇ ನಿಂತ್ರ ಕಾಣ್ದ ಏನ್ ಮಾಡ್ತೀರಿ? ಹೇಳ್ರಿ.”

ವೆಂಕಟಾಚಲ ತೊಟ್ಟಿಲಿನಿಂದ ಹಿಡಿದು ಅಮಾವಾಸ್ಯೆವರೆಗೆ ಎಲ್ಲ ಹೇಳಿದರು. ಭೀಮರಾಯರಿಗೆ ಪಾಪ ಅನಿಸಿತು. ಕಾಗದ ತೆಗೆದು ತಾವೇ ಬರೆದರು. “ನೋಡ್ರಿ, ಇರೋ ಗ್ವಾಡಿ ಮ್ಯಾಲೆ ಹಳೇ ಶೀಟಿನ ಬದ್ಲಿ ಹೊಸ ಶೀಟು, ಅಷ್ಟ. ನಾಲ್ಕೂ ಗ್ವಾಡಿ ಹೆಂಗ ಅದಾವೋ ಹಂಗ ಇರಬೇಕು. ನಾ ಆ ಕಡೆನ ಹೊಂಟೀನಿ. ಗ್ವಾಡಿದೊಂದು ಫೋಟೋ ತಗೊಂಡು ಅಲ್ಲೇ ಸೈನ್ ಮಾಡಿ ಕೊಡ್ತೀನಿ. ಮನ್ಯಾಗ ಫೋನ್ ಮಾಡಿ ತಿಳಸ್ರಿ.”

ಆಗಲೇ ವೆಂಕಟಾಚಲರಿಗೆ ಫೋನು ತಮ್ಮ ಬಳಿ ಇಲ್ಲ ಅಂತ ಗೊತ್ತಾದದ್ದು. ಭೀಮರಾಯರ ಫೋನು ಇಸಿದುಕೊಂಡರೆ ಹೆಂಡತಿಯ ನಂಬರು ಬಾಯಿಗೆ ಬರಲಿಲ್ಲ. ನೆನಪಿದ್ದದ್ದು ತಮ್ಮದೊಂದೇ. ಕೊಟ್ರಪ್ಪನಾದರೂ ಎತ್ತಲಿ ಅಂತ ಅದಕ್ಕೇ ಮೇಲಿಂದ ಮೇಲೆ ಮಾಡಿದರು. ಎಲ್ಲೋ ಆಳದಲ್ಲಿ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ.

ಸಂಜೆ ಮಬ್ಬಿನಲ್ಲಿ ಭೀಮರಾಯರ ಸ್ಕೂಟರ್ ಬೀದಿಯ ತಿರುವಿಗೆ ಬಂತು. ಹಿಂದೆ ಬಿಳಿ ಶರ್ಟಿನಲ್ಲಿ ವೆಂಕಟಾಚಲ. ಆಟೋ ಸ್ಟ್ಯಾಂಡಿನಲ್ಲಿ ಹರಟುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಒಬ್ಬ ಡ್ರೈವರು ಭೀಮರಾಯರಿಗೆ ಕಣ್ಣಲ್ಲೇ ಸನ್ನೆ ಮಾಡಿದ, ಹಿಂದೆ ನೋಡಬೇಡಿ ಅನ್ನುವ ಹಾಗೆ. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬಿಟ್ಟು ಗೋಡೆ ಕಡೆ ತಿರುಗಿ ನಿಂತ. ಬೀದಿನಾಯಿಯೊಂದು ಸ್ಕೂಟರ್ ನೋಡಿ ಬೊಗಳಲಿಲ್ಲ, ಉದ್ದಕ್ಕೆ ಊಳಿಟ್ಟಿತು.

“ಯಾಕ್ರೀ ಎಲ್ಲಾರೂ ನನ್ನ ಹಿಂಗ ನೋಡಾಕತ್ತಾರ?” ಅಂದರು ಭೀಮರಾಯ.

“ನಿಮ್ಮನ್ನಲ್ಲ ಸಾರ್,” ಅಂದರು ವೆಂಕಟಾಚಲ.

ಮನೆ ಎದುರು ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಗೇಟಿನ ಪಕ್ಕ ಬೆರಣಿ ಹೊಗೆಯಾಡುತ್ತಿತ್ತು. ಎದುರುಮನೆಯ ನಾಗಲಕ್ಷ್ಮಮ್ಮ ಕೈಯಲ್ಲಿ ಹೂವಿನ ಹಾರ ಹಿಡಿದು ನಿಂತಿದ್ದರು. ಇಪ್ಪತ್ತು ವರ್ಷದಿಂದ ದಿನಾ ಕಾಫಿಪುಡಿ ಸಾಲ ತೆಗೆದುಕೊಳ್ಳುವವರು ಅವರು.

“ಯಾರಿಗೆ ಏನಾಯ್ತು ನಾಗಲಕ್ಷ್ಮಮ್ಮ?”

ಆಕೆ ಇವರತ್ತ ನೋಡಲೇ ಇಲ್ಲ. ದೃಷ್ಟಿಯನ್ನು ಭೀಮರಾಯರ ಮೇಲೇ ನೆಟ್ಟು ಕೇಳಿದರು, “ಯಾರಪ್ಪ ನೀವು? ಒಬ್ರೇ ಬಂದ್ರಾ?”

ಹಾಗಾದರೆ ತಾನು ಸತ್ತಿರುವುದು ನಿಜ ಅಂದುಕೊಂಡರು ವೆಂಕಟಾಚಲ. ಅಯ್ಯೋ, ಕೂಸನ್ನು ಇನ್ನೊಂದು ಸಲ ಎತ್ತಿಕೊಳ್ಳಲಿಲ್ಲವಲ್ಲ ಅಂತ ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ ತಮ್ಮನ್ನು ತಾವೇ ಒಮ್ಮೆ ನೋಡಿಬಿಡೋಣ ಅಂತ ಗೇಟು ತಳ್ಳಿದರು. ಹಜಾರದಲ್ಲಿದ್ದ ಜನ ಇವರನ್ನು ಕಂಡದ್ದೇ ತಡ, ಒಬ್ಬರ ಮೇಲೊಬ್ಬರು ಬಿದ್ದು ಪಕ್ಕದ ಬಾಗಿಲಿನಿಂದ ಓಡಿದರು. ಯಾರದ್ದೋ ಚಪ್ಪಲಿ, ಯಾರದ್ದೋ ಹಲ್ಲಿನ ಸೆಟ್ಟು ಅಲ್ಲೇ ಉಳಿದವು.

ಹಿಂದಿನ ಕೋಣೆ ಮಬ್ಬುಮಬ್ಬಾಗಿತ್ತು. ಮೇಲೆ ಶೀಟಿರಲಿಲ್ಲ. ಎದುರಿಗೆ ಗೋಡೆಯೂ ಇರಲಿಲ್ಲ. ಇಟ್ಟಿಗೆ ರಾಶಿಯ ಆಚೆ, ಸಂದಿಯಲ್ಲಿ, ನೇರಳೆ ಚೌಕಳಿ ಶರ್ಟು ತೊಟ್ಟ ಒಬ್ಬ ಮನುಷ್ಯ ಬೋರಲಾಗಿ ಬಿದ್ದಿದ್ದ.

ವೆಂಕಟಾಚಲ ಆ ಭುಜ ಹಿಡಿದು ತಿರುಗಿಸಿದರು. ಮೈ ಹಗುರವಾಗಿತ್ತು. ಕರಿ ಮೀಸೆ, ಕೆಂಪು ನಾಲಿಗೆ, ಕೋರೆಹಲ್ಲು. ಕತ್ತಿನಿಂದ ಹುಲ್ಲು ಹೊರಗಿಣುಕುತ್ತಿತ್ತು. ಕೊಟ್ರಪ್ಪ ಕಟ್ಟಿದ ದೃಷ್ಟಿಬೊಂಬೆ. ಮೊಳೆಯಲ್ಲಿದ್ದ ಹಳೇ ಶರ್ಟನ್ನೇ ಅದಕ್ಕೆ ತೊಡಿಸಿದ್ದ.

“ವೆಂಕಟಾಚಲ ಅವರೇ?” ವಿಜಯಕುಮಾರ್ ಬಾಗಿಲ ಮರೆಯಿಂದ ಕೋಲು ಚಾಚಿ ಇವರ ಬೆನ್ನಿಗೆ ಎರಡು ಸಲ ತಿವಿದರು. ಕೋಲು ಆಚೆ ತೂರಿಹೋಗಲಿಲ್ಲ. “ಬದುಕಿದೀರಾ?”

“ಇದೇನ್ ಸಾರ್ ಇದು? ನನ್ನ ಗೋಡೆ ಎಲ್ಲಿ?”

ಕತೆ ಆಗ ಹೊರಬಂತು. ಕೊಟ್ರಪ್ಪ, ಯಲ್ಲಪ್ಪ ಶೀಟು ಬಿಚ್ಚಿ, ಬೊಂಬೆ ಕಟ್ಟಿ, ಹೊಸ ಶೀಟಿಗೆ ಟೆಂಪೋದಲ್ಲಿ ಹೋಗಿದ್ದರು. ಗಾಳಿಗೆ ಬೊಂಬೆ ಸಂದಿಗೆ ಬಿತ್ತು. ಬೆಳಿಗ್ಗೆ ಇವರು ಜಾರಿದ್ದನ್ನು ಕಂಡಿದ್ದ ನಾಗಲಕ್ಷ್ಮಮ್ಮ ವಿಜಯಕುಮಾರ್ ಅವರ ಮಹಡಿಯಿಂದ ಬಗ್ಗಿ ಶರ್ಟು ನೋಡಿ ಕಿರುಚಿದರು. ಖಾತ್ರಿ ಮಾಡಿಕೊಳ್ಳೋಣ ಅಂತ ಇರುವಾಗಲೇ ಹೆಣದ ಜೇಬಿನಲ್ಲಿ ವೆಂಕಟಾಚಲರ ಫೋನು ಹೊಡೆದುಕೊಂಡಿತು. ಹೊಡೆದುಕೊಳ್ಳುತ್ತಲೇ ಇತ್ತು.

“ಅಷ್ಟು ಸಣ್ಣ ಸಂದಿಯೊಳಗೆ ನಾನು ಹಿಡಿಸ್ತೀನಾ ಸಾರ್?”

“ಮಗಳ ಬಾಣಂತನದ ಯೋಚನೇಲಿ ಸೊರಗಿದ್ರು ಪಾಪ, ಅಂದ್ಕೊಂಡ್ವಿ. ಇಳಿಯೋಕೆ ಯಾರಿಗೂ ಆಗ್ಲಿಲ್ಲ. ಬಾಣಂತಿ ಹತ್ರ ಇರೋ ಪಂಕಜಮ್ಮನಿಗೆ ಹೇಳೋಕೆ ಯಾರಿಗೂ ಬಾಯಿ ಬರ್ಲಿಲ್ಲ. ಮೊದಲು ಹೊರಗೆ ತೆಗೆಯೋಣ ಅಂತ ಗೋಡೆ ಒಡೆದ್ವಿ. ಒಡೆದ ಮೇಲೆ ಅಮಾವಾಸ್ಯೆ ದಿನ ಮುಟ್ಟೋ ಧೈರ್ಯ ಆಗ್ಲಿಲ್ಲ.”

“ನಿಮ್ಮ ಗೋಡೆ ಒಡೀಬಹುದಿತ್ತಲ್ಲ?”

“ನೀವು ನಿಮ್ಮ ಗೋಡೆಗೆ ಹತ್ತಿರ ಇದ್ರಿ,” ಅಂದರು ವಿಜಯಕುಮಾರ್.

ಅಷ್ಟರಲ್ಲಿ ಭೀಮರಾಯ ಒಳಗೆ ಬಂದರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಫೋಟೋಕ್ಕೆ ಅಂತ ತೆಗೆದ ಫೋನು. ಮೂರು ಗೋಡೆ ನೋಡಿದರು. ನಾಲ್ಕನೆಯದಕ್ಕೆ ಸುತ್ತ ಹುಡುಕಿದರು. “ಗ್ವಾಡಿ ಎಲ್ಲೈತ್ರೀ?”

ವಿಜಯಕುಮಾರ್ ಕೋಲಿನಿಂದ ಇಟ್ಟಿಗೆ ರಾಶಿ ತೋರಿಸಿದರು. ಭೀಮರಾಯ ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು. “ನಂಗೂ ಹೊಟ್ಟಿ ಉರೀತದ ಯಜಮಾನ್ರ. ಆದ್ರ ಇದು ಈಗ ರಿಪೇರಿ ಅಲ್ಲ. ಹೊಸ ಕಟ್ಟಡ. ಪ್ಲ್ಯಾನ್ ತಗೊಂಡು ಬರ್ರಿ. ಸುತ್ತ ಜಾಗ ಬಿಟ್ಟು ಕಟ್ಟಬೇಕಾಗ್ತದ. ಬಿಟ್ರ ಈ ಕೋಣಿ ಉಳಿಯಂಗಿಲ್ಲ.” ಅವರು ಸಂದಿಯನ್ನು ಇನ್ನೊಮ್ಮೆ ದಿಟ್ಟಿಸಿದರು. ವಿಜಯಕುಮಾರ್ ಮೆಲ್ಲಗೆ ಸರಿದು ತಮ್ಮ ಮನೆಯ ಗೋಡೆಗೆ ಅಡ್ಡವಾಗಿ ನಿಂತರು.

ಬೊಂಬೆಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಪಂಕಜಾ.

“ಎಷ್ಟ್ ಸಲ ಮಾಡೋದ್ರೀ ನಿಮಗೆ? ಸತ್ತುಗಿತ್ತು ಹೋದ್ರಾ ಅಂತ ಭಯ ಆಯ್ತು. ಕೋಣೆ ಇನ್ನು ಸೋರಲ್ಲ ತಾನೇ?”

ವೆಂಕಟಾಚಲ ತಲೆಯೆತ್ತಿ ಮೋಡ ನೋಡಿದರು. “ಇಲ್ಲ ಕಣೆ. ಇನ್ನು ಸೋರೋ ಪ್ರಶ್ನೆನೇ ಇಲ್ಲ,” ಅಂದರು.

ಬಾಗಿಲಲ್ಲಿ ನಿಂತಿದ್ದ ನಾಗಲಕ್ಷ್ಮಮ್ಮನಿಗೆ ಕರುಳು ಚುರುಕ್ ಅಂದಿರಬೇಕು. ಈಗಲೂ ಇವರ ಮುಖ ನೋಡದೆ ಭೀಮರಾಯರಿಗೆ ಹೇಳಿದರು, “ಬಾಣಂತಿ, ಮಗು, ಪಂಕಜಾ ನಮ್ಮನೇಲೇ ಇರಲಿ, ಬೆಚ್ಚಗೆ ನೋಡ್ಕೋತೀನಿ. ಆದ್ರೆ ಇವ್ರು ಬೇಡಪ್ಪ. ಅಮಾವಾಸ್ಯೆ ಕಳೀಲಿ, ಆಮೇಲೆ ನೋಡೋಣ ಇವ್ರು ಅವ್ರೇನಾ ಅಂತ.” ಹಾರವನ್ನು ಹೊಸ್ತಿಲ ಮೇಲಿಟ್ಟು ಹೋದರು. ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ವೆಂಕಟಾಚಲ ಖಾಲಿ ತೊಟ್ಟಿಲ ಪಕ್ಕ, ಇಟ್ಟಿಗೆ ರಾಶಿಯ ಮೇಲೆ ಕೂತರು. ಬೊಂಬೆಯನ್ನೂ ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡರು. ಅದನ್ನು ಬಿಟ್ಟರೆ ಅವರ ಜೊತೆ ಕೂರುವವರು ಯಾರೂ ಇರಲಿಲ್ಲ. ಸಣ್ಣಗೆ ಹನಿ ಶುರುವಾಯಿತು. ಇಬ್ಬರೂ ಅಲುಗಾಡದೆ ನೆನೆಯುತ್ತಾ ಕೂತರು.

ಹೊರಗೆ ಟೆಂಪೋ ನಿಂತ ಸದ್ದಾಯಿತು. ಜೇಪಿ ನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದ ಕೊಟ್ರಪ್ಪ ಅಂತೂ ಹೊಸ ಶೀಟು ತಂದಿದ್ದ. ಹಜಾರ ದಾಟಿ ಬಂದವನು ಬಾಗಿಲಲ್ಲೇ ನಿಂತ. ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ನೋಡಿದ.

“ಲೇ ಯಲ್ಲಪ್ಪ,” ಅಂದ ಪಿಸುದನಿಯಲ್ಲಿ, “ನಾವು ಕಟ್ಟಿದ್ದು ಒಂದೇ ಬೊಂಬೆ ಅಲ್ವೇನೋ?”

ವೆಂಕಟಾಚಲ ಮೆಲ್ಲಗೆ ತಲೆಯೆತ್ತಿ, “ಬಾರಪ್ಪ ಕೊಟ್ರಪ್ಪ,” ಅಂದರು.

ಮರುಕ್ಷಣ ಟೆಂಪೋ ಹೊಸ ಶೀಟುಗಳ ಸಮೇತ ಬೀದಿಯುದ್ದಕ್ಕೂ ರಿವರ್ಸಿನಲ್ಲೇ ಹೊರಟುಹೋಯಿತು.