ಬೋಟಿಗೆ ಹೆಪ್ಪು ಹಾಕಿದ ಕಥೆ

ನಾನು ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಸ್ತುಗಳು ಏಕೆ ತೇಲುತ್ತವೆ, ಏಕೆ ಮುಳುಗುತ್ತವೆ ಎಂಬ ಪಾಠವನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಬೋರ್ಡಿನ ಮೇಲೆ ನಾನು ತೇಲಿಸಿದ ಹಡಗುಗಳಿಗೆ ಲೆಕ್ಕವಿಲ್ಲ, ಒಂದೂ ಮುಳುಗಿಲ್ಲ. ಹೀಗಿರುವಾಗ ಒಂದು ಹಳೆಯ ಫೈಬರ್ ಬೋಟನ್ನು ರಿಪೇರಿ ಮಾಡುವುದು ಯಾವ ದೊಡ್ಡ ಮಾತು?

ಬೋಟು ನನ್ನ ಮಾವನವರದು. ಹೊಳೆಯ ನೀರು ಅಳೆಯುವ ಸರ್ಕಾರಿ ಕಚೇರಿಯಲ್ಲಿ ಅವರು ಬೋಟಿನ ಡ್ರೈವರ್ ಆಗಿದ್ದರು. ಅತ್ತೆ ದಿನಾ ಮಧ್ಯಾಹ್ನ ರೊಟ್ಟಿಯ ಬುತ್ತಿ ಹೊತ್ತು ಭೀಮಾ ದಂಡೆಗೆ ಬರುವರು, ಬುತ್ತಿ ಕೊಟ್ಟು ವಾಪಸು ಹೋಗುವರು. ಒಂದು ಸುತ್ತು ಕರೆದೊಯ್ಯಿರಿ ಎಂದು ಒಮ್ಮೆ ಕೇಳಿದ್ದರಂತೆ. ಸರ್ಕಾರಿ ಬೋಟಿನಲ್ಲಿ ಮನೆಯವರು ಕೂಡುವಂತಿಲ್ಲ ಎಂದು ಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟರಂತೆ. ಅತ್ತೆ ಮತ್ತೆ ಕೇಳಲಿಲ್ಲ. ಆ ಮಾತು ಮಾವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತೆಂದು ನಮಗೆ ಗೊತ್ತಾಗಿದ್ದು, ಅದೇ ಬೋಟು ಹರಾಜಿಗೆ ಬಂದಾಗ ಅವರು ಹೋಗಿ ಅದನ್ನು ಕೊಂಡುಬಂದ ಮೇಲೆ.

ಮುಂದಿನ ತಿಂಗಳು ಅತ್ತೆಯ ಎರಡೂ ಮೊಣಕಾಲಿನ ಆಪರೇಷನ್ ಇತ್ತು. ಆಮೇಲೆ ಬೋಟು ಹತ್ತಿ ಇಳಿಯುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಮಾವ ನನ್ನ ಮನೆಯ ಅಂಗಳಕ್ಕೆ ಬೋಟು ತಂದು ಇಳಿಸಿ, ಮೋಟಾರು ತಾನು ನೋಡಿಕೊಳ್ಳುತ್ತೇನೆ, ತೂತು ಮುಚ್ಚುವುದು ನಿಮಗೆ ಬಿಟ್ಟದ್ದು ಎಂದರು.

"ಆಕೀನ ಒಂದ್ ಸಲ ಕೂಡಿಸಬೇಕ್ರಿ ಮಾಸ್ತರ. ಅಷ್ಟೇ ನೋಡ್ರಿ" ಎಂದರು.

ನಾನು ಭರವಸೆ ಕೊಟ್ಟೆ. ಕೊಡುವುದಕ್ಕೇನು!

ಮೊದಲ ಕೆಲಸ ಹಳೆಯ ಬಣ್ಣ ಉಜ್ಜಿ ತೆಗೆಯುವುದು. ಸೆಖೆಯೆಂದು ಬೋಳುತಲೆಗೆ ಒದ್ದೆ ಬಟ್ಟೆ ಹಾಕಿ, ಬನಿಯನ್ ಒಂದರಲ್ಲೇ ಕೂತು ಎರಡು ದಿನ ಉಜ್ಜಿದೆ. ಫೈಬರ್ ಎಂದರೆ ಗಾಜಿನ ನೂಲು ಎಂಬುದು ನನ್ನ ಪುಸ್ತಕದಲ್ಲಿತ್ತು, ಆ ನೂಲಿನ ಧೂಳು ಮೈಗೆ ಹತ್ತಿದರೆ ಏನಾಗುತ್ತದೆ ಎಂಬುದು ಇರಲಿಲ್ಲ. ಸೋಮವಾರ ಒಂಬತ್ತನೇ ಇಯತ್ತೆಗೆ ಚರ್ಮದ ರಚನೆಯ ಪಾಠವನ್ನು ಪ್ರಾತ್ಯಕ್ಷಿಕೆ ಸಮೇತ, ಮೈ ಕೆರೆದುಕೊಳ್ಳುತ್ತ ಮಾಡಿದೆ. ಮಕ್ಕಳಿಗೆ ಅಷ್ಟು ಮನದಟ್ಟಾದ ಪಾಠ ಮತ್ತೊಂದಿಲ್ಲ. ಹೆಡ್‌ಮಾಸ್ತರರು ಕುರ್ಚಿ ಸ್ವಲ್ಪ ದೂರ ಸರಿಸಿಕೊಂಡು, ಒಂದು ವಾರ ರಜೆ ತೆಗೆದುಕೊಳ್ಳಿ ಎಂದರು.

ರಜೆ ಸಿಕ್ಕಿತು. ಕಲಬುರಗಿಗೆ ಹೋಗಿ ತೂತು ಮುಚ್ಚುವ ಸಾಮಾನು ತಂದೆ. ದೊಡ್ಡ ಡಬ್ಬಿಯಲ್ಲಿ ಜೇನಿನಂಥ ದ್ರವ, ಅದು ರೆಸಿನ್. ಸಣ್ಣ ಬಾಟಲಿಯಲ್ಲಿ ಅದನ್ನು ಗಟ್ಟಿ ಮಾಡುವ ಔಷಧ. ಎಷ್ಟಕ್ಕೆ ಎಷ್ಟು ಬೆರೆಸಬೇಕೆಂದು ಅಂಗಡಿಯವ ಹೇಳುತ್ತಿದ್ದ. ವಿಜ್ಞಾನದ ಮಾಸ್ತರನಿಗೆ ಇದನ್ನೆಲ್ಲ ಹೇಳಬೇಕೇ ಎಂಬ ಗತ್ತಿನಲ್ಲಿ ನಾನು ಬೇರೆಲ್ಲೋ ನೋಡುತ್ತಿದ್ದೆ.

ಅಂಗಳದಲ್ಲಿ ಮಾವನನ್ನು ಎದುರಿಗೆ ಕೂರಿಸಿಕೊಂಡು ಸರಳ ಭಾಷೆಯಲ್ಲಿ ವಿವರಿಸಿದೆ. ಇದು ಹಾಲು, ಅದು ಹೆಪ್ಪು. ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುವ ಹಾಗೆ ಇದೂ ಗಟ್ಟಿಯಾಗುತ್ತದೆ. ಮಾವ ತಲೆದೂಗಿದರು. ಅಡುಗೆಮನೆಯ ಕಿಟಕಿಯಿಂದ ನನ್ನ ಹೆಂಡತಿ ಸುವರ್ಣಾಳ ದನಿ ಬಂತು.

"ಬ್ಯಾಸಗಿ ಅದ್ರಿ. ಹೆಪ್ಪು ಜರಾ ಕಡಿಮಿ ಹಾಕ್ರಿ."

ನಾನು ಮಾವನ ಕಡೆ ನೋಡಿ ನಕ್ಕೆ. ರಸಾಯನಶಾಸ್ತ್ರಕ್ಕೂ ಅಡುಗೆಮನೆಗೂ ಇರುವ ಅಂತರವನ್ನು ಸೂಚಿಸುವ ನಗು ಅದು. ಬೋಟು ಗಟ್ಟಿಯಾಗಬೇಕಲ್ಲ ಎಂದು ಬಾಟಲಿಯ ಅರ್ಧ ಸುರಿದೆ. ಬಕೆಟ್ಟು, ಬ್ರಷ್ಷು ಹಿಡಿದು ಬೋಟಿನೊಳಗೆ ಇಳಿದೆ. ಹಿಂಭಾಗದ ತೂತಿಗೆ ನಾಲ್ಕು ಸಲ ಬಳಿದಿದ್ದೆನೋ ಇಲ್ಲವೋ, ಬಕೆಟ್ಟಿನಿಂದ ಹೊಗೆ ಏಳತೊಡಗಿತು. ಬಕೆಟ್ಟು ಕಾದ ಹಂಚಿನಂತಾಯಿತು. ಬ್ರಷ್ಷು ನಡುವೆ ನೆಟ್ಟಗೆ ನಿಂತಿತು, ಎಳೆದರೆ ಬಕೆಟ್ಟೂ ಜೊತೆಗೆ ಬಂತು. ಹೊರಕ್ಕೆ ಜಿಗಿಯೋಣವೆಂದರೆ ಚೆಲ್ಲಿದ ರೆಸಿನ್ನಿನ ಮೇಲೆ ನಾನು ಕೂತುಬಿಟ್ಟಿದ್ದೆ!

ಸುವರ್ಣಾ ಕತ್ತರಿ ತಂದಳು. ಲುಂಗಿಯ ಒಂದು ಭಾಗ ನನ್ನೊಂದಿಗೆ ಬಂತು, ಮುಖ್ಯವಾದ ಭಾಗ ಬೋಟಿನಲ್ಲೇ ಉಳಿಯಿತು. ಮಾವ ಮರ್ಯಾದಸ್ಥರು, ಬೇವಿನ ಗಿಡದ ಕಡೆ ಮುಖ ಮಾಡಿ ನಿಂತಿದ್ದರು.

ಮರುದಿನ ನಾನು ಪಾಠ ಕಲಿತಿದ್ದೆ. ಹೆಪ್ಪನ್ನು ಎರಡೇ ಹನಿ ಹಾಕಿದೆ. ಆ ರೆಸಿನ್ ನಾಲ್ಕು ದಿನವಾದರೂ ಗಟ್ಟಿಯಾಗಲಿಲ್ಲ. ಮೊದಲು ನೊಣ ಅಂಟಿದವು, ಆಮೇಲೆ ಬೇವಿನ ಎಲೆ, ಆಮೇಲೆ ಪಕ್ಕದ ಮನೆಯವರು ಒಣಹಾಕಿದ್ದ ಟವೆಲ್ಲು ಹಾರಿಬಂದು ಅಂಟಿತು. ಮಾವ ದಿನಾ ಬಂದು ಬೆರಳಿನಿಂದ ಮುಟ್ಟಿ, ಬೆರಳು ಬಿಡಿಸಿಕೊಂಡು ಹೋಗುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಆಪರೇಷನ್ನಿಗೆ ಹನ್ನೊಂದು ದಿನ ಉಳಿದಿತ್ತು.

ಐದನೆಯ ದಿನ ಸುವರ್ಣಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಬಂದಳು. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ಒಂದು ಹಳೆಯ ವಾಟಗದ ಬಟ್ಟಲಲ್ಲಿ ಸ್ವಲ್ಪವೇ ಬೆರೆಸಿ ನೋಡಿದಳು. ಮತ್ತೊಮ್ಮೆ ಬೆರೆಸಿದಳು. ಮೂರನೆಯ ಸಲಕ್ಕೆ ಹದ ಸಿಕ್ಕಿತು. ಎರಡು ದಿನದಲ್ಲಿ ಏಳು ತೂತು ಮುಚ್ಚಿದಳು. ಕಲ್ಲಿನಂತೆ ಕೂತವು! ಮಾವ ಒಂದೊಂದನ್ನೂ ಬಡಿದು ನೋಡಿ, ಮಗಳ ತಲೆಯ ಮೇಲೆ ಕೈಯಿಟ್ಟರು. ನನ್ನ ಕಡೆ ಯಾರೂ ನೋಡಲಿಲ್ಲ.

ಇಲ್ಲಿ ನನ್ನಿಂದ ಒಂದು ಸಣ್ಣ ತಪ್ಪಾಯಿತು. ಮುಂದಿನ ಭಾಗದಲ್ಲಿ ಒಂದು ರೂಪಾಯಿಯಷ್ಟಗಲದ ಎಂಟನೆಯ ತೂತು ಉಳಿದಿತ್ತು. ನಾನು ಮುಚ್ಚಿದ್ದೆಂದು ಹೇಳಿಕೊಳ್ಳಲು ಒಂದಾದರೂ ಬೇಡವೇ? ಸುವರ್ಣಾ ಸಂತೆಗೆ ಹೋದಾಗ ಅದನ್ನು ಸ್ವಹಸ್ತದಿಂದ ಮುಚ್ಚಿ, ಮೇಲೆ ನೀಲಿ ಬಣ್ಣ ಬಳಿದುಬಿಟ್ಟೆ.

ಟ್ರ್ಯಾಕ್ಟರ್ ಮೇಲೆ ಬೋಟು ಹೇರಿಕೊಂಡು ಚೌಡಾಪುರ ದಾಟಿ, ಗಾಣಗಾಪುರದ ಆಚೆ ಮಾವನ ಊರಿನ ದಂಡೆಗೆ ಹೋದೆವು. ಮಾವ ಹಳೆಯ ಖಾಕಿ ಅಂಗಿ ತೊಟ್ಟು ಮೋಟಾರಿನ ಹತ್ತಿರ ಕೂತರು. ಹಸಿರು ಇಳಕಲ್ ಸೀರೆಯ ಅತ್ತೆಯನ್ನು ನಾಲ್ವರು ಹಿಡಿದು ನಡುವೆ ಕೂಡಿಸಿದೆವು. ಮುಂದಿನ ಹಲಗೆಯ ಮೇಲೆ ನಾನು. ಅರ್ಧ ಊರು ದಂಡೆಯಲ್ಲಿತ್ತು. ಹಗ್ಗದ ಮೂರನೆಯ ಎಳೆತಕ್ಕೆ ಮೋಟಾರು ಚಾಲೂ ಆಯಿತು.

ಇಪ್ಪತ್ತು ಮಾರು ಹೋಗಿರಬೇಕು. ನನ್ನ ಅಂಗಾಲಿಗೆ ತಣ್ಣಗಾಯಿತು. ಬಗ್ಗಿ ನೋಡಿದರೆ ನೀಲಿ ಬಣ್ಣದ ಒಂದು ಬಿಲ್ಲೆ ಹಪ್ಪಳದಂತೆ ತೇಲುತ್ತಿತ್ತು. ಎಂಟನೆಯದು!

ಹೇಳೋಣವೆಂದು ಹಿಂದಕ್ಕೆ ತಿರುಗಿದೆ. ಅತ್ತೆ ಹೊಳೆಯ ನೀರಿಗೆ ಕೈಯಿಳಿಬಿಟ್ಟು ಕೂತಿದ್ದರು.

"ಇಷ್ಟ್ ವರ್ಷ ದಂಡಿ ಮ್ಯಾಲಿಂದ ನೋಡೇನಿ" ಎಂದು ಅವರು ಮಾವನಿಗೆ ಹೇಳುತ್ತಿದ್ದರು. "ನಡುವ ಬಂದು ನೋಡಿದ್ರ ಹೊಳಿ ಬ್ಯಾರೇನೇ ಅದ."

ಮಾವ ಮೋಟಾರಿನ ವೇಗ ತಗ್ಗಿಸಿದರು. ಅವರ ಕಣ್ಣು ತುಂಬಿತ್ತು. ನಾನು ಬಾಯಿ ಮುಚ್ಚಿಕೊಂಡು ಹಲಗೆಯಿಂದ ಕೆಳಗಿಳಿದು, ಮುದುಡಿ ಕೂತು, ಹಿಮ್ಮಡಿಯನ್ನು ತೂತಿಗೆ ಒತ್ತಿ ಹಿಡಿದೆ.

ಯಾಕ್ರಿ ಕೆಳಗ ಕುಂತ್ರಿ ಎಂದು ಅತ್ತೆ ಕೇಳಿದರು. ಹಿರಿಯರ ಮುಂದೆ ಸಮಸಮನಾಗಿ ಕೂಡಬಾರದು ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನೊಂದು ಸುತ್ತು ಹೋಗೋಣ ಎಂದರು! ಎರಡು ಸುತ್ತು ಆಯಿತು. ಕಾಲು ಜೋಮು ಹಿಡಿಯಿತು, ನಡು ಸೆಟೆಯಿತು, ಹಿಮ್ಮಡಿ ಕದಲಲಿಲ್ಲ. ದಂಡೆಗೆ ಬಂದಾಗ ಸುವರ್ಣಾ ನನ್ನ ಒದ್ದೆ ಲುಂಗಿ ನೋಡಿದಳು, ತೂತು ನೋಡಿದಳು, ಅದರ ಸುತ್ತ ಉಳಿದ ನೀಲಿ ಬಣ್ಣ ನೋಡಿದಳು. ಟವೆಲ್ಲು ಕೊಟ್ಟಳು.

ಆಪರೇಷನ್ ಚೆನ್ನಾಗಿ ಆಯಿತು. ದಂಡೆಯಿಂದ ಯಾರೋ ತೆಗೆದ ಫೋಟೋಕ್ಕೆ ಮಾವ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಅದರಲ್ಲಿ ಅವರಿಬ್ಬರೂ ರಾಜ ರಾಣಿಯರಂತೆ ಕೂತಿದ್ದಾರೆ. ಮುಂದೆ ಬೋಟಿನ ಅಂಚಿನ ಮೇಲೆ ದುಂಡಗೆ, ನುಣ್ಣಗೆ ಏನೋ ಒಂದು ಬಿಸಿಲಿಗೆ ಹೊಳೆಯುತ್ತಿದೆ. ಬಂದವರೆಲ್ಲ ಅದನ್ನು ನೋಡಿ, ಮುಂದೆ ಕೊಡ ಯಾಕೆ ಬೋರಲು ಹಾಕಿದ್ದೀರಿ ಎಂದು ಕೇಳುತ್ತಾರೆ.

"ಕೊಡ ಅಲ್ರಿ, ನಮ್ಮ ಅಳಿಯ" ಎಂದು ಮಾವ ಹೆಮ್ಮೆಯಿಂದ ಹೇಳುತ್ತಾರೆ. "ಹಿರಿಯರ ಮುಂದ ಮ್ಯಾಲ ಕೂಡೂದಿಲ್ಲ ಅವ್ರು."

ಒಳಗೆ ಸುವರ್ಣಾ ಕೆಮ್ಮುತ್ತಾಳೆ. ನಾನು ನಾಚಿ ತಲೆ ತಗ್ಗಿಸುತ್ತೇನೆ. ಬಂದವರು ನನ್ನ ತಲೆಯನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿ, ಹೌದ್ರಿ, ಇವ್ರೇ ಹೌದು ಎನ್ನುತ್ತಾರೆ.